ಸಂಸೋನ

ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ 13ರಿಂದ 16ನೆಯ ಅಧ್ಯಾಯಗಳಲ್ಲಿ ಬರುವ ಇಸ್ರಾಯೇಲಿನ ವೀರ, ದಾನ್ ಕುಲದವನು. ತಂದೆ ಚೊರ್ಗಾ ಊರಿನ ಮಾನೋಹ. ತಾಯಿಯ ಹೆಸರನ್ನು ಗ್ರಂಥ ಹೇಳುವುದಿಲ್ಲ. ಕುಂದುಕೊರತೆಗಳ ಮನುಷ್ಯರಿಂದಲೂ ದೇವರು ತನ್ನ ಕಾರ್ಯ ಮಾಡಿಸುತ್ತಾನೆ ಎನ್ನುವಾಗ ಸಾಮಾನ್ಯವಾಗಿ ದಾವೀದ, ಪೇತ್ರರ ಹೆಸರು ಬರುತ್ತದೆ. ಅವರು ತಪ್ಪು ಮಾಡಿ ಪಶ್ಚಾತ್ತಾಪಪಟ್ಟವರು. ಸಂಸೋನ ಕೊನೆಗಾದರೂ ಬದಲಾದನೆಂದು ಹೇಳುವುದು ಕಷ್ಟ. ಅದರಿಂದಲೇ ಅವನ ಕಥೆ ಹೆಚ್ಚು ತೊಡಕಿನದು.

ಅದು ಇಸ್ರಾಯೇಲರು 40 ವರ್ಷ ಫಿಲಿಷ್ಟಿಯರ ಕೈಕೆಳಗಿದ್ದ ಕಾಲ. ಬಂಜೆಯಾಗಿದ್ದ ಮಾನೋಹನ ಹೆಂಡತಿಗೆ ದೇವದೂತ ಕಾಣಿಸಿಕೊಂಡು, ಹುಟ್ಟುವ ಮಗ ಗರ್ಭದಿಂದಲೇ ನಾಜೀರ, ಎಂದರೆ ದೇವರಿಗೆ ಮೀಸಲಾದವನೆಂದೂ ಅವನ ತಲೆಗೆ ಕ್ಷೌರಕತ್ತಿ ತಾಗಬಾರದೆಂದೂ ತಿಳಿಸಿದ. ದ್ರಾಕ್ಷಾರಸ ಕುಡಿಯಬಾರದು, ಹೆಣದ ಹತ್ತಿರ ಹೋಗಬಾರದು ಎಂಬುವೂ ನಾಜೀರರ ಕಟ್ಟಳೆಗಳೇ. ಮಗು ಇಸ್ರಾಯೇಲಿನ ಬಿಡುಗಡೆಯನ್ನು ಆರಂಭಿಸುತ್ತಾನೆ ಎಂದಷ್ಟೇ ದೂತ ಹೇಳಿದ್ದು. ಮುಂದಿನ ಪಾಲು ಸಮುವೇಲ, ದಾವೀದರಿಗೆ ಬಂತು.

ಪ್ರಾಯಕ್ಕೆ ಬಂದ ಸಂಸೋನ ತಿಮ್ನಾದ ಫಿಲಿಷ್ಟಿಯ ಹೆಣ್ಣೇ ಬೇಕೆಂದು ಹಟ ಹಿಡಿದ. ಹೆತ್ತವರ ಬುದ್ಧಿಮಾತು ನಾಟಲಿಲ್ಲ. ಇದು ಯೆಹೋವನಿಂದಲೇ ಆದದ್ದೆಂದು ಅವರಿಗೆ ತಿಳಿದಿರಲಿಲ್ಲ ಎನ್ನುತ್ತಾನೆ ಗ್ರಂಥಕಾರ (14:4). ಹಟವನ್ನು ಅವನು ಹೊಗಳುವುದಿಲ್ಲ, ಮುಚ್ಚಿಡುವುದೂ ಇಲ್ಲ. ತಾನು ಕೊಂದ ಸಿಂಹದ ಹೆಣದಲ್ಲಿದ್ದ ಜೇನನ್ನು ಸಂಸೋನ ಕೈಯಲ್ಲಿ ಬಗೆದುಕೊಂಡು ತಿನ್ನುತ್ತ ನಡೆದ. ತಂದೆತಾಯಿಗೂ ಕೊಟ್ಟ, ಎಲ್ಲಿಂದ ತಂದದ್ದೆಂದು ಮಾತ್ರ ಬಾಯಿ ಬಿಡಲಿಲ್ಲ. ಅದನ್ನೇ ಒಗಟು ಮಾಡಿ ಮದುವೆಯ ಔತಣದಲ್ಲಿ ಪಂಥ ಕಟ್ಟಿ ಸೋತ. ಅಷ್ಕೆಲೋನಿನಲ್ಲಿ 30 ಮಂದಿಯನ್ನು ಕೊಂದು ಅವರ ಬಟ್ಟೆಗಳಿಂದ ಪಂಥ ತೀರಿಸಿದ. ಹೆಂಡತಿಯನ್ನು ಬೇರೊಬ್ಬನಿಗೆ ಕೊಟ್ಟರೆಂದು 300 ನರಿಗಳ ಬಾಲಗಳನ್ನು ಜೋಡಿಜೋಡಿಯಾಗಿ ಕಟ್ಟಿ, ನಡುವೆ ಪಂಜು ಸಿಕ್ಕಿಸಿ, ಫಿಲಿಷ್ಟಿಯರ ಪೈರಿಗೆ ಬಿಟ್ಟ. ಅದೇ ಗ್ರಂಥದ ಇನ್ನೊಬ್ಬ ವೀರ ಗಿದ್ಯೋನನಂತೆ ದಂಡು ಕಟ್ಟಿದವನಲ್ಲ. ಅವನ ಕಾಳಗಗಳೆಲ್ಲ ಸ್ವಂತದ ಸೇಡು. ಆದರೂ ಸಿಂಹವನ್ನು ಸೀಳುವಾಗ, ಅಷ್ಕೆಲೋನಿಗೆ ಇಳಿಯುವಾಗ, ಲೆಹೀಯಲ್ಲಿ ಕತ್ತೆಯ ದವಡೆ ಎಲುಬಿನಿಂದ 1,000 ಮಂದಿಯನ್ನು ಹೊಡೆಯುವಾಗ ಯೆಹೋವನ ಆತ್ಮ ಅವನ ಮೇಲೆ ಬಂತೆಂದು ಗ್ರಂಥ ಹೇಳುತ್ತದೆ.

ಅವನ ಬಲದ ಗುಟ್ಟು ತಿಳಿದು ಹೇಳಿದರೆ ತಲಾ 1,100 ಬೆಳ್ಳಿ ನಾಣ್ಯ ಕೊಡುತ್ತೇವೆಂದು ಫಿಲಿಷ್ಟಿಯ ಪ್ರಭುಗಳು ಅವನು ಮೆಚ್ಚಿದ ಹೆಣ್ಣು ದೆಲೀಲಳಿಗೆ ಮಾತು ಕೊಟ್ಟರು. ಮೂರು ಸಲ ಸಂಸೋನ ಸುಳ್ಳು ಹೇಳಿದ. ಮೂರು ಸಲವೂ ಅವಳ ಉದ್ದೇಶ ಬಯಲಾಯಿತು. ಆಮೇಲೂ ಅವಳಿಗೆ ಕೂದಲಿನ ಗುಟ್ಟು ಹೇಳಿ, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಏಳು ಜಡೆ ಬೋಳಿಸಿದ ಮೇಲೆ ಯೆಹೋವನು ತನ್ನನ್ನು ಬಿಟ್ಟುಹೋದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಣ್ಣು ಕಿತ್ತು, ಕಂಚಿನ ಬೇಡಿ ತೊಡಿಸಿ, ಗಾಜಾದ ಸೆರೆಮನೆಯಲ್ಲಿ ಹಿಟ್ಟು ಬೀಸಲು ಹಚ್ಚಿದರು. ಕೂದಲು ಮತ್ತೆ ಬೆಳೆಯತೊಡಗಿತು. ಫಿಲಿಷ್ಟಿಯರ ದೇವರು ದಾಗೋನನ ಹಬ್ಬದ ದಿನ ಅವನನ್ನು ವಿನೋದಕ್ಕೆಂದು ಕರೆತಂದಾಗ ಮಾಳಿಗೆಯ ಮೇಲೇ 3,000 ಜನರಿದ್ದರು. ಅಲ್ಲಿ ಅವನು ಬೇಡಿದ್ದು ಕ್ಷಮೆಯನ್ನಲ್ಲ, ಕಣ್ಣು ಕಳೆದದ್ದಕ್ಕೆ ಸೇಡನ್ನು, ಬೇಡಿಕೆ ನೆರವೇರಿತು. ಕಂಬಗಳನ್ನು ಒತ್ತಿ ಕಟ್ಟಡ ಕೆಡವಿ ತಾನೂ ಸತ್ತ.

ಕಣ್ಣಿನ ಹಿಂದೆ ಹೋದವನು ಕಣ್ಣನ್ನೇ ಕಳೆದುಕೊಂಡ ಎಂಬುದು ಯೆಹೂದಿ ಮಿಷ್ನಾದ ತೀರ್ಪು. ಹೊಸ ಒಡಂಬಡಿಕೆಯ ಇಬ್ರಿಯ ಪತ್ರಿಕೆ (11:32) ಅವನನ್ನು ನಂಬಿಕೆಯ ವೀರರ ಸಾಲಿಗೆ ಸೇರಿಸುತ್ತದೆ, ವಿವರಣೆ ಕೊಡುವುದಿಲ್ಲ. ಮಿಲ್ಟನ್ ಕವಿ 1671ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಕುರುಡ ಸಂಸೋನನಿಗೆ ಆತ್ಮಶೋಧನೆಯ ಮಾತುಗಳನ್ನು ಕೊಟ್ಟ, ಮೂಲದಲ್ಲಿ ಅವಿಲ್ಲ. ಗಲಿಲಾಯದ ಹುಕ್ಕೋಕ್‌ನಲ್ಲಿ ಅಗೆದಾಗ ಸಿಕ್ಕ 5ನೆಯ ಶತಮಾನದ ಸಭಾಮಂದಿರದ ಮೊಸಾಯಿಕ್ ನೆಲದಲ್ಲಿ ಪಂಜು ಕಟ್ಟಿದ ನರಿಗಳೂ ನ್ಯಾಯಸ್ಥಾಪಕರು ಗ್ರಂಥ (16:3) ಹೇಳುವಂತೆ ಗಾಜಾದ ಊರಬಾಗಿಲನ್ನು ಕಿತ್ತು ಹೊತ್ತ ಸಂಸೋನನೂ ಇದ್ದಾರೆ.