ಮನಸ್ಸು ಓದುವ ಪತ್ತೇದಾರ

ಹೋದ ಬೇಸಿಗೆ ಸೂಟಿಯಲ್ಲಿ ಮಗಳು ಒಂದು ಇಂಗ್ಲಿಷ್ ಸಿನಿಮಾ ಹಚ್ಚಿದಳು. ಅದರ ನಾಯಕ ಸರಕಾರದ ಗುಪ್ತಚರ. ಎದುರಿಗಿದ್ದವರ ಮನಸ್ಸಿನ ಮಾತು ಅವನಿಗೆ ಕೇಳಿಸುತ್ತದೆ. ನಾನು ಉಳ್ಳಾಗಡ್ಡಿ ಹೆಚ್ಚುತ್ತ ನೋಡುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ತಕರಾರು ಶುರುವಾದವು. ಮನಸ್ಸು ಓದುವವನು ಖಳನಾಯಕನ ಹಿಂದೆ ಎರಡು ತಾಸು ಓಡುವುದೇಕೆ? ದಿನಾಲೂ ಎದುರು ಕೂಡುವ ಮೇಲಧಿಕಾರಿಯೇ ದ್ರೋಹಿ ಎಂಬುದು ಅವನಿಗೆ ಕೊನೆಯವರೆಗೂ ತಿಳಿಯದೇಕೆ? ಅದೂ ಹೋಗಲಿ, ಮನಸ್ಸು ಯಾವ ಭಾಷೆಯಲ್ಲಿ ಕೇಳಿಸುತ್ತದೆ? ನಮ್ಮ ಮಚ್ಛೆಯಲ್ಲಿ ಒಂದೇ ಓಣಿಯಲ್ಲಿ ಲೆಕ್ಕ ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ, ಕಾರ್ಖಾನೆಯ ಮಾತು ಹಿಂದಿಯಲ್ಲಿ ನಡೆಯುತ್ತದೆ. ಪಾಪ, ಆ ಗುಪ್ತಚರ ಇಲ್ಲಿಗೆ ಬಂದರೆ ತಲೆ ಹಿಡಿದುಕೊಂಡು ಕೂಡಬೇಕು.

“ಅವ್ವಾ, ಸಾಲಿ ಸೂಟಿ ಐತಿ. ಪೇಪರ್ ತಿದ್ದೂದು ಬಿಡ” ಎಂದಳು ಮಗಳು.

ಬಿಡಲಾಗಲಿಲ್ಲ. ಯಾಕೆಂದರೆ ಇಂಥ ಕಥೆಯನ್ನು ನಿಜವೆಂದು ನಂಬಿದ ಸರಕಾರವೂ ಇತ್ತು. ಅಮೆರಿಕದಲ್ಲಿ 1972ರಿಂದ 1995ರವರೆಗೆ ಬೇರೆ ಬೇರೆ ಹೆಸರಿನಲ್ಲಿ ಈ ಪ್ರಯೋಗ ನಡೆಯಿತು. ಕುಳಿತಲ್ಲಿಯೇ ದೂರದ ಶತ್ರುವಿನ ನೆಲೆಯನ್ನು ಮನಸ್ಸಿನಿಂದ ಕಾಣಲು ಯತ್ನಿಸುವ ಜನರನ್ನು ಗುಪ್ತಚರ ಸಂಸ್ಥೆ ಮತ್ತು ಸೈನ್ಯ ಇಟ್ಟುಕೊಂಡಿದ್ದವು. ಖರ್ಚು ಸುಮಾರು 2 ಕೋಟಿ ಡಾಲರ್. ಕೊನೆಗೆ ತಜ್ಞರು ಪರಿಶೀಲಿಸಿದಾಗ, ಆ ಮಾಹಿತಿ ಒಂದು ಕಾರ್ಯಾಚರಣೆಗೂ ದಾರಿ ತೋರಿಸಿರಲಿಲ್ಲವೆಂದು ಗೊತ್ತಾಯಿತು. ಅಂಗಡಿ ಮುಚ್ಚಿತು.

ನಮ್ಮ ಕನ್ನಡದ ಪತ್ತೇದಾರನೇ ವಾಸಿ. 1968ರ ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರದಲ್ಲಿ ರಾಜಕುಮಾರ್ ಅವರಿಗೆ ಇದ್ದದ್ದು ಪಿಸ್ತೂಲು ಮತ್ತು ಬುದ್ಧಿ. ಅದಕ್ಕೂ ಏಳು ವರ್ಷ ಮೊದಲು ನಿಜವಾದ ಗೋವೆಯಲ್ಲಿ ನಡೆದದ್ದನ್ನು ನೋಡಿದರೆ, ಅಲ್ಲಿ ಯಾರಿಗೂ ಯಾರ ಮನಸ್ಸೂ ತಿಳಿದಿರಲಿಲ್ಲ.

1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಬೆಳಗಾವಿಯಲ್ಲಿ ನೆರೆಯಿತು. ಆಗ ನಮ್ಮ ಅತ್ತೆಯವರು ಪರಕರ ಉಡುವ ಹುಡುಗಿ. ನಮ್ಮ ಊರ ಮುಂದಿನ ಖಾನಾಪುರ ರಸ್ತೆಯಲ್ಲಿ ರಾತ್ರಿಯಿಡೀ ಹೋಗುತ್ತಿದ್ದ ಲಾರಿಗಳ ಸದ್ದನ್ನು ಅವರು ಇನ್ನೂ ನೆನೆಯುತ್ತಾರೆ. ಲಿಸ್ಬನ್ನಿನಲ್ಲಿ ಕುಳಿತ ಸಲಾಜಾರ್ ಕೊನೆಯ ಸೈನಿಕನವರೆಗೂ ಹೋರಾಡಿರೆಂದು ಆಜ್ಞೆ ಮಾಡಿದ್ದ. ಅವನೇ ನೇಮಿಸಿದ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಡಿಸೆಂಬರ್ 19ರಂದು ಆತ ಶರಣಾದ. ಪೋರ್ಚುಗೀಸರ ಕಡೆಯಿಂದ ಬಂದ ಇನ್ನೊಂದು ಪ್ರಸಂಗ ಕೇಳಿರಿ. ಟ್ಯಾಂಕ್ ಒಡೆಯುವ ಗ್ರೆನೇಡುಗಳಿಗೆ ಅವರಿಟ್ಟ ಗುಪ್ತನಾಮ ‘ಶೊರಿಸೊ’. ಅಂದರೆ ಮಸಾಲೆ ತುಂಬಿದ ಮಾಂಸದ ತಿನಿಸು. ಗೋವೆಯಿಂದ ಬೇಡಿಕೆ ಹೋಯಿತು. ಲಿಸ್ಬನ್ನಿನಿಂದ ವಿಮಾನದಲ್ಲಿ ಬಂದದ್ದು ತಿನಿಸೇ! ಕಾದಂಬರಿಯಲ್ಲಿ ಹೀಗೆ ಬರೆದರೆ ನಾವು ನಂಬುತ್ತೇವೆಯೆ?

ಅದೇ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಮನಸ್ಸಿನಿಂದ ಮನಸ್ಸಿಗೆ ಮಾತು ಮುಟ್ಟಿಸುತ್ತಿದ್ದಳು. ಮಂತ್ರದಿಂದಲ್ಲ, ರೇಡಿಯೊದಿಂದ. ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ 1955ರ ನವೆಂಬರಿನಿಂದ ಗುಪ್ತ ಬಾನುಲಿ ನಡೆಸಿದರು. ಮೊದಲು ಅಂಬೋಲಿಯ ಕಾಡಿನಿಂದ, ಆಮೇಲೆ ನಮ್ಮ ಲೋಂಡಾ ದಾಟಿದರೆ ಸಿಗುವ ಕ್ಯಾಸಲ್ ರಾಕ್‌ನಿಂದ. ಗೋವೆಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ್ದ ಆರು ವರ್ಷ ದಿನದಿನವೂ ಲೋಕದ ಸುದ್ದಿಯನ್ನು ಕಿವಿಗೊಟ್ಟು ಕೇಳಿ, ಬರೆದುಕೊಂಡು, ಪೋರ್ಚುಗೀಸ್ ಮತ್ತು ಕೊಂಕಣಿಯಲ್ಲಿ ಬಿತ್ತರಿಸಿದರು. ಗೋವೆ ಬಿಡುಗಡೆಯಾದಾಗ ವಿಮಾನದಲ್ಲಿ ಹಾರಿ ಆ ಸುದ್ದಿ ಸಾರಿದವರೂ ಅವರೇ. ಲಿಬಿಯಾ ಅವರಿಗೆ 2025ರಲ್ಲಿ, ನೂರರ ವಯಸ್ಸಿನಲ್ಲಿ, ಪದ್ಮಶ್ರೀ ಬಂತು.

ಇದನ್ನೆಲ್ಲ ಪಾಠ ಮಾಡುವ ನಾನೂ ಒಮ್ಮೆ ಮನಸ್ಸು ಓದುವ ಗುಪ್ತಚರಳಾಗಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಬೋರ್ಡಿನ ಮೇಲಿನದನ್ನು ಬರೆದುಕೊಳ್ಳದೆ ತಲೆ ತಗ್ಗಿಸಿ ಕೂಡುತ್ತಿದ್ದಳು. ಓದಿನಲ್ಲಿ ಇವಳಿಗೆ ಮನಸ್ಸಿಲ್ಲ ಎಂದು ಮುಖ ನೋಡಿಯೇ ತೀರ್ಪು ಕೊಟ್ಟೆ. ಎಲ್ಲರೆದುರು ಬೈದೆ. ದಸರೆಯ ನಂತರ ಅವಳು ಬರಲೇ ಇಲ್ಲ. ವರ್ಷಗಳಾದ ಮೇಲೆ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಳು. ಕಂಕುಳಲ್ಲಿ ಕೂಸು, ಕಣ್ಣಿಗೆ ದಪ್ಪ ಚಸ್ಮಾ.

“ಅಕ್ಕೋರ, ಆಗ ನನಗ ಬೋರ್ಡ್ ಮ್ಯಾಲಿನ ಅಕ್ಷರಾನ ಕಾಣತಿರಲಿಲ್ರಿ” ಎಂದು ನಕ್ಕಳು. “ಮತ್ತ ಹೇಳಲಿಲ್ಲ್ಯಾಕವಾ?” ಎಂದೆ. “ನೀವು ಕೇಳಲಿಲ್ಲರಿ” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಸಿನಿಮಾ ಮುಗಿದ ಮೇಲೆ ಮಗಳು, “ಆ ಕಥ್ಯಾಗ ಎಲ್ಲಾಕಿಂತ ದೊಡ್ಡ ತಪ್ಪು ಯಾವುದವ್ವಾ?” ಎಂದು ಕೇಳಿದಳು. ಮನಸ್ಸು ಓದಲು ಬಂದರೆ ಸಾಕು, ಬಾಯಿ ಬಿಟ್ಟು ಕೇಳಬೇಕಾಗಿಲ್ಲ ಎಂದುಕೊಂಡದ್ದೇ ದೊಡ್ಡ ತಪ್ಪು ಎಂದೆ.

ಈಗ ಯಾವ ಹುಡುಗಿಯಾದರೂ ತಲೆ ತಗ್ಗಿಸಿ ಕೂತರೆ ನಾನು ಹತ್ತಿರ ಹೋಗಿ ಕೇಳುತ್ತೇನೆ. ಉತ್ತರ ಬರುವವರೆಗೆ ಅಲ್ಲೇ ನಿಲ್ಲುತ್ತೇನೆ.