ಕಾವೇರಿಯ ಐತೀರ್ಪು ಮತ್ತು ಬಾಣಸವಾಡಿ

ಬೆಂಗಳೂರಿನ ಬಾಣಸವಾಡಿಯ ಮೇಲೆ ಸುರಿದ ಮಳೆ ಕಾವೇರಿಗೆ ಹೋಗತಕ್ಕುದಲ್ಲ. ಪೂರ್ವದ ಇಳಿಜಾರನ್ನು ಹಿಡಿದು, ಕೆರೆಯಿಂದ ಕೆರೆಗೆ ಇಳಿಯುತ್ತ, ದಕ್ಷಿಣ ಪಿನಾಕಿನಿಯನ್ನು ಸೇರತಕ್ಕುದು. ಆದರೂ ಇಲ್ಲಿಯ ನಲ್ಲಿಗಳಲ್ಲಿ ಬರುವುದು ಕಾವೇರಿಯೇ. ಭೂಗೋಳವು ಒಲ್ಲದ ಈ ನಂಟನ್ನು ನ್ಯಾಯಶಾಸ್ತ್ರವು ಒಪ್ಪಿಕೊಂಡ ಬಗೆಯನ್ನು ತಿಳಿಯಬೇಕಾದರೆ ಕಾವೇರಿಗೆ ಕಟ್ಟಿದ ಕನ್ನಂಬಾಡಿಯ ಕಟ್ಟೆಯ ಕಾಲಕ್ಕೂ ಹಿಂದೆ ಹೋಗಬೇಕು.

1892ರಲ್ಲಿ ಮೈಸೂರು ಮದರಾಸು ಸರ್ಕಾರಗಳು ಮಾಡಿಕೊಂಡ ಒಡಂಬಡಿಕೆಯಲ್ಲಿ, ಮೈಸೂರು ಹೊಸ ಜಲಾಶಯವನ್ನು ಕಟ್ಟುವ ಮೊದಲು ಮದರಾಸಿನ ಸಮ್ಮತಿಯನ್ನು ಪಡೆಯತಕ್ಕುದೆಂದೂ, ವಿವಾದ ಹುಟ್ಟಿದಲ್ಲಿ ಉಭಯರೂ ನೇಮಿಸಿದ ಮಧ್ಯಸ್ಥರದಾಗಲಿ ಭಾರತ ಸರ್ಕಾರದ್ದಾಗಲಿ ನಿರ್ಣಯವೇ ಅಂತಿಮವೆಂದೂ ಬರೆದಿದ್ದಿತು. ಕನ್ನಂಬಾಡಿಯ ಕಟ್ಟೆಯ ವಿಷಯದಲ್ಲಿ ತಕರಾರು ಎದ್ದಾಗ, ಅಲಹಾಬಾದಿನ ಹೈಕೋರ್ಟಿನ ನ್ಯಾಯಾಧೀಶರಾದ ಗ್ರಿಫಿನ್ನರು ಮಧ್ಯಸ್ಥರಾಗಿ, ನೀರಾವರಿ ಇಲಾಖೆಯ ನೆದರ್‌ಸೋಲರನ್ನು ಜತೆಗಿಟ್ಟುಕೊಂಡು ವಿಚಾರಣೆ ನಡೆಸಿ, 1914ರ ಮೇ 12ರಂದು ಮೈಸೂರಿಗೆ ಅನುಕೂಲವಾದ ಐತೀರ್ಪನ್ನಿತ್ತರು. ಭಾರತ ಸರ್ಕಾರವು 1916ರಲ್ಲಿ ಅದನ್ನು ಸ್ಥಿರಪಡಿಸಿತು. ಮದರಾಸು ಲಂಡನ್ನಿನ ಭಾರತಮಂತ್ರಿಗೆ ಮೊರೆಯಿಟ್ಟಿತು. 1919ರಲ್ಲಿ ಆ 'ಅಂತಿಮ' ನಿರ್ಣಯವು ಅಲ್ಲಿಯೇ ತಡೆಯಲ್ಪಟ್ಟಿತು.

ಊರಿನ ಪಂಚಾಯ್ತಿಯಲ್ಲಿ ಮೂರನೆಯವನ ಮಾತಿಗೆ ತಲೆಬಾಗದವನನ್ನು ಬಾಗಿಸಲು ಕೋರ್ಟು ಕಚೇರಿಗಳುಂಟು. ಆದರೆ ವಾದಿಯು ಅಧೀನ ಸಂಸ್ಥಾನವಾಗಿ, ಪ್ರತಿವಾದಿಯು ಬ್ರಿಟಿಷ್ ಸಾಮ್ರಾಜ್ಯದ್ದೇ ಅಂಗವಾಗಿದ್ದಾಗ, ಮೈಸೂರಿನ ಮಹಾರಾಜರು ತಮ್ಮ ಐತೀರ್ಪನ್ನು ಹಿಡಿದುಕೊಂಡು ಯಾವ ಕೋರ್ಟಿನ ಮೆಟ್ಟಿಲನ್ನು ಹತ್ತಬೇಕಾಗಿದ್ದಿತು? ಮಧ್ಯಸ್ಥನ ಹಿಂದೆ ರಾಜ್ಯಾಂಗವೊಂದು ನಿಲ್ಲದಿದ್ದರೆ ಅವನ ಮಾತು ಸಲಹೆಯಷ್ಟೇ. ಕೊನೆಗೆ ಉಭಯರೂ ತಾವೇ ಕುಳಿತು, 1924ರ ಫೆಬ್ರವರಿ 18ರಂದು ಒಪ್ಪಂದ ಮಾಡಿಕೊಂಡರು.

ಸ್ವತಂತ್ರ ಭಾರತದ ರಾಜ್ಯಾಂಗವು ಈ ಕೊರತೆಯನ್ನು 262ನೆಯ ಅನುಚ್ಛೇದದಿಂದ ತುಂಬಿತು. ಅದರ ಮೇರೆಗೆ ಹುಟ್ಟಿದ 1956ರ ಕಾಯಿದೆಯು ಅಂತರರಾಜ್ಯ ಜಲವಿವಾದಗಳಿಂದ ಕೋರ್ಟುಗಳನ್ನು ದೂರವಿರಿಸಿ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. 1990ರಲ್ಲಿ ನೇಮಕವಾದ ಕಾವೇರಿ ನ್ಯಾಯಮಂಡಳಿಯು ಹೆಸರಿಗೆ ಮಧ್ಯಸ್ಥನಲ್ಲದಿದ್ದರೂ, ಗುಣದಲ್ಲಿ ಗ್ರಿಫಿನ್ನರ ವಂಶದ್ದೇ ಸರಿ. ಅದರ ಮಧ್ಯಂತರ ಆಜ್ಞೆಯನ್ನು ನಿಷ್ಫಲಗೊಳಿಸಲು ಕರ್ನಾಟಕವು 1991ರಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರಿನಲ್ಲಿ ರಾಜ್ಯಾಂಗಬಾಹಿರವೆಂದಿತು. ಒಗ್ಗದ ತೀರ್ಪನ್ನು ಮೀರುವ ಬಯಕೆಯು ಹಿಂದಿನ ಮದರಾಸಿಗೆ ಮಾತ್ರ ಸೇರಿದ ಸೊತ್ತಾಗಿರಲಿಲ್ಲವೆಂಬುದನ್ನು ನಾವು, ಕನ್ನಡಿಗರು, ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು.

2007ರ ಅಂತಿಮ ತೀರ್ಪಿನಲ್ಲಿ ನ್ಯಾಯಮಂಡಳಿಯು ಬೆಂಗಳೂರಿನ ಮೂರನೆಯ ಒಂದು ಭಾಗವನ್ನು ಮಾತ್ರ ಕಾವೇರಿ ಕಣಿವೆಗೆ ಸೇರಿಸಿ ಕುಡಿಯುವ ನೀರನ್ನು ಎಣಿಸಿತು. ಪಿನಾಕಿನಿಯ ಕಡೆಗೆ ವಾಲಿದ ಬಾಣಸವಾಡಿಯಂಥ ಊರುಗಳು ಲೆಕ್ಕದ ಹೊರಗುಳಿದವು. ಈ ತೀರ್ಪಿನ ಮೇಲೆ ಮೇಲ್ಮನವಿಗಳು ಬಂದಾಗ, 262ನೆಯ ಅನುಚ್ಛೇದವು ತನ್ನ ಮೇಲ್ಮನವಿಯ ಅಧಿಕಾರವನ್ನು ಅಪಹರಿಸಲಾರದೆಂದು 2016ರ ಡಿಸೆಂಬರಿನಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವು, 2018ರ ಫೆಬ್ರವರಿ 16ರಂದು ಈ ಗೆರೆಯನ್ನು ಅಳಿಸಿ, ಇಡೀ ನಗರದ ಬಾಯಾರಿಕೆಗೆಂದು ಇನ್ನೂ 4.75 ಟಿಎಂಸಿ ನೀರನ್ನಿತ್ತಿತು. ಬಾಣಸವಾಡಿಯವರು ಬಳಸಿ ಚೆಲ್ಲಿದ ಕಾವೇರಿಯ ನೀರು ಮಾತ್ರ ಈಗಲೂ ಪಿನಾಕಿನಿಯ ಕಡೆಗೇ ಹರಿಯುತ್ತಿದೆ.