ನಾಲೆಯ ನೀರು, ಊಟದ ತಟ್ಟೆ ಮತ್ತು ಎಳೆಯ ಹೃದಯ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಊಟದ ಇತಿಹಾಸವು ಬಹುಮಟ್ಟಿಗೆ ನೀರಿನ ಇತಿಹಾಸವೇ ಆಗಿದ್ದು, ಮಕ್ಕಳ ಬೊಜ್ಜಿನ ಕುರಿತ ಇಂದಿನ ಕಳವಳವನ್ನು ಅದರಿಂದ ಬೇರ್ಪಡಿಸಿ ನೋಡಲಾಗದು. ಶ್ರೀರಂಗಪಟ್ಟಣದ ಬಯಲಿನಲ್ಲಿ ಚಿಕ್ಕದೇವರಾಜ ಸಾಗರ, ವಿರಿಜಾ ಮೊದಲಾದ ಹಳೆಯ ನಾಲೆಗಳ ಆಸರೆಯಲ್ಲಿ ಭತ್ತ, ಕಬ್ಬು ಬೆಳೆಯುತ್ತಿದ್ದವು, ಕೆ.ಆರ್. ಪೇಟೆಯ ಹೇಮಗಿರಿ, ಮಂದಗೆರೆ ಅಣೆಕಟ್ಟೆಗಳು ಹೇಮಾವತಿಯ ನೀರನ್ನು ಗದ್ದೆಗಳಿಗೆ ಹಾಯಿಸುತ್ತಿದ್ದವು. ನದಿಗೆ ದೂರವಾದ ನಾಗಮಂಗಲವಾದರೋ ಮಳೆಯನ್ನೂ ಕೆರೆಯನ್ನೂ ನಂಬಿದ ಸೀಮೆಯಾದ್ದರಿಂದ, ಅಲ್ಲಿ ರಾಗಿ, ಹುರುಳಿ, ಅವರೆಗಳೇ ಬದುಕಿಗೆ ಆಧಾರವಾಗಿದ್ದವು. ಸೊಪ್ಪು ಮತ್ತು ಕಾಳನ್ನು ಬೇಯಿಸಿ ಬಸಿದ ಕಟ್ಟಿನಿಂದ ಬಸ್ಸಾರು, ಉಳಿದುದರಿಂದ ಪಲ್ಯ, ಜೊತೆಗೊಂದು ಮುದ್ದೆ: ಹಗಲಿಡೀ ಹೊಲದಲ್ಲಿ ದುಡಿಯುವ ಮೈಗೆ ತಕ್ಕ ಊಟವಿದು.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿ 1930ರ ದಶಕದ ಮೊದಲಲ್ಲಿ ಮುಗಿದು, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯಲ್ಲಿ ನೀರು ಹರಿದಾಗ ಈ ಸಮತೋಲ ಬದಲಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆಯೂ ಬಂದಿತು. ಗಾಣದಲ್ಲಿ ಅರೆದ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಅಚ್ಚಿಗೆ ಸುರಿಯುವ ಆಲೆಮನೆಗಳು ಊರೂರಿನಲ್ಲಿ ಹೊಗೆಯಾಡಿದವು. ಹಬ್ಬದ ದಿನಗಳ ಅನ್ನ ಮತ್ತು ಸಿಹಿ ದಿನನಿತ್ಯದ ತಟ್ಟೆಗೆ ಇಳಿಯತೊಡಗಿದವು. ಟ್ರ್ಯಾಕ್ಟರು, ಬಸ್ಸು, ಬೈಕುಗಳು ಬಂದ ಮೇಲೆ ಮೈಮುರಿಯುವ ದುಡಿಮೆ ಕಡಿಮೆಯಾದರೂ ಉಣ್ಣುವ ಅಳತೆ ಅದಕ್ಕೆ ತಕ್ಕಂತೆ ಇಳಿಯಲಿಲ್ಲ.

ದೇಹ ಖರ್ಚು ಮಾಡಲಾರದಷ್ಟು ಪಿಷ್ಟ, ಸಕ್ಕರೆ ಸೇರಿದಾಗ ಯಕೃತ್ತು ಅದನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಬೊಜ್ಜಿರುವ ಮಕ್ಕಳಲ್ಲಿ ಇದು ಏರುವುದು, ಹೆಚ್ಚುವರಿ ಕೊಲೆಸ್ಟರಾಲನ್ನು ಯಕೃತ್ತಿಗೆ ಮರಳಿಸುವ ಎಚ್‌ಡಿಎಲ್ ಇಳಿಯುವುದು ಸಾಮಾನ್ಯ. ಅಪಧಮನಿಗಳ, ಅಂದರೆ ಹೃದಯದಿಂದ ರಕ್ತ ಒಯ್ಯುವ ನಾಳಗಳ, ಒಳಗೋಡೆಯಲ್ಲಿ ಕೊಬ್ಬಿನ ಗೆರೆಗಳು ಬಾಲ್ಯದಲ್ಲೇ ಮೂಡತೊಡಗುತ್ತವೆ ಎಂಬುದನ್ನು ಅಮೆರಿಕದ ಬೊಗಲೂಸಾದಲ್ಲಿ 1973ರಲ್ಲಿ ಆರಂಭವಾದ ದೀರ್ಘ ಅಧ್ಯಯನ ತೋರಿಸಿಕೊಟ್ಟಿತು. ಆದ್ದರಿಂದ ಹೃದ್ರೋಗಕ್ಕೆ ತುಪ್ಪವೊಂದನ್ನೇ ಹೊಣೆಮಾಡುವ ರೂಢಿ, ಅನ್ನ ಮತ್ತು ಸಕ್ಕರೆಯ ಈ ನಾಡಿನಲ್ಲಿ, ಅರ್ಧ ಸತ್ಯವಷ್ಟೇ.

ನೆರೆಯ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಈ ಇತಿಹಾಸಕ್ಕೆ ಇನ್ನೊಂದು ಮುಖವನ್ನು ಸೇರಿಸಿತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11ರಷ್ಟಿದ್ದರೆ, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಶೇ. 3ರಷ್ಟಿತ್ತು. ಬಸಿರಿನಲ್ಲಿ ಕೊರತೆಯುಂಡು ಬೆಳೆದ ಮೈಗೆ ನಂತರದ ಅತಿಯಾದ ಉಣಿಸು ಹೆಚ್ಚು ಭಾರವಾಗುತ್ತದೆಯೆಂಬ ವಿವರಣೆಗೆ ಇಂಥ ಅಧ್ಯಯನಗಳು ಬಲ ಕೊಟ್ಟಿವೆ.

ನೀರು ಈ ತಾಲ್ಲೂಕುಗಳ ಹಸಿವನ್ನು ನೀಗಿದ್ದು ಸಣ್ಣ ಸಾಧನೆಯಲ್ಲ, ಅದನ್ನು ಹಳಿಯುವುದೂ ಸಲ್ಲದು. ರಾಗಿಯೂ ಪಿಷ್ಟವೇ ಆದ್ದರಿಂದ ಮುದ್ದೆಯೊಂದರಿಂದಲೇ ರಕ್ಷಣೆ ದೊರೆಯದು; ಕಾಳು, ಸೊಪ್ಪು ಮತ್ತು ಮೈದಣಿವು ಅದರೊಂದಿಗೆ ಇದ್ದುದರಲ್ಲಿ ಹಳೆಯ ಊಟದ ಸತ್ವವಿತ್ತು. ಗರ್ಭಿಣಿಯ ಪೌಷ್ಟಿಕತೆ, ಶಾಲೆಯ ಬಿಸಿಯೂಟದಲ್ಲಿ ಕಾಳು–ಸೊಪ್ಪು, ದಿನವೂ ಆಟಕ್ಕೆ ಬಯಲು, ವರ್ಷಕ್ಕೊಮ್ಮೆ ಮಗುವಿನ ಎತ್ತರ–ತೂಕದ ಅಳತೆ, ಇವುಗಳನ್ನು ನಾಲೆ ಕಟ್ಟಿದಷ್ಟೇ ದೂರದೃಷ್ಟಿಯಿಂದ ಒದಗಿಸುವುದು ಇಂದಿನ ತಲೆಮಾರಿನ ಕರ್ತವ್ಯವಾಗಿದೆ.